ರಾಷ್ಟ್ರೀಯ ಕ್ಷಯರೋಗ ಸಂಸ್ಥೆ: ಹಳ್ಳಿಗಳಲ್ಲಿ ನಡೆದ ಸಂಶೋಧನೆಯ ಕಥೆ

ವೈದ್ಯಕೀಯ ಸಂಶೋಧನಾ ಸಂಸ್ಥೆಗಳು ಹೊರತರುವ ವಾರ್ತಾಪತ್ರಗಳನ್ನು ನೀವು ನೋಡಿರಬಹುದು. ವಿಚಾರ ಸಂಕಿರಣ, ತರಬೇತಿ ಶಿಬಿರ, ಅತಿಥಿ ಉಪನ್ಯಾಸ, ದೀಪ ಬೆಳಗಿಸುತ್ತಿರುವ ಗಣ್ಯರ ಚಿತ್ರ, ನಿವೃತ್ತರಾದವರಿಗೆ ಹಾರ. ಇವೆಲ್ಲ ಮುಗಿದ ಮೇಲೆ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ, ಆ ವರ್ಷ ಪ್ರಕಟವಾದ ಸಂಶೋಧನಾ ಲೇಖನಗಳ ಪಟ್ಟಿ ಇರುತ್ತದೆ. ಹೆಚ್ಚಿನವರು ಚಿತ್ರಗಳನ್ನು ನೋಡಿ ಪತ್ರವನ್ನು ಮಡಿಚಿ ಇಡುತ್ತಾರೆ. ನಿಜವಾದ ಸುದ್ದಿ ಇರುವುದು ಆ ಕೊನೆಯ ಪುಟದಲ್ಲಿ!

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿಂದ 1963ರಲ್ಲಿ ಅಂಥ ಒಂದು ಲೇಖನ ಹೊರಬಂದಿತು. ಕ್ಷಯರೋಗಿಗಳಿಗೆ ತಮ್ಮ ರೋಗಲಕ್ಷಣಗಳ ಅರಿವು ಎಷ್ಟಿದೆ ಎಂಬುದನ್ನು ಕುರಿತ ಸಮಾಜಶಾಸ್ತ್ರೀಯ ಅಧ್ಯಯನ ಅದು. ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಅಚ್ಚಾಯಿತು. ಶೀರ್ಷಿಕೆಯನ್ನು ಓದಿದರೆ ಅದರಲ್ಲಿ ವಿಶೇಷವೇನೂ ಇದ್ದಂತೆ ತೋರುವುದಿಲ್ಲ. ಹೊಸ ಔಷಧಿ ಇಲ್ಲ, ಹೊಸ ಯಂತ್ರವಿಲ್ಲ, ಹೊಸ ಜೀವಾಣುವಿಲ್ಲ. ಆದರೆ ನಮ್ಮ ದೇಶದಲ್ಲಷ್ಟೇ ಅಲ್ಲ, ಜಗತ್ತಿನ ಬಡ ರಾಷ್ಟ್ರಗಳಲ್ಲೆಲ್ಲ ಕ್ಷಯರೋಗಿಯನ್ನು ಎಲ್ಲಿ ಹುಡುಕಬೇಕು ಎಂಬ ಲೆಕ್ಕಾಚಾರವನ್ನು ಬದಲಿಸಿದ ಕೆಲವೇ ಅಧ್ಯಯನಗಳಲ್ಲಿ ಇದೂ ಒಂದು. ಅದಕ್ಕೆ ಬೇಕಾದ ಮಾಹಿತಿ ಸಿಕ್ಕಿದ್ದು ತುಮಕೂರು ಜಿಲ್ಲೆಯಲ್ಲಿ, ಕನ್ನಡ ಮಾತನಾಡುವ ಸಾಮಾನ್ಯ ಹಳ್ಳಿಗರಿಂದ.

ಸಂಸ್ಥೆ ಇರುವುದು ಬಳ್ಳಾರಿ ರಸ್ತೆಯಲ್ಲಿ, 'ಅವಲಾನ್' ಎಂಬ ಹೆಸರಿನ ಆವರಣದಲ್ಲಿ. ನಗರದ ದಕ್ಷಿಣ ತುದಿಯ ಅಂಜನಾಪುರದಲ್ಲಿರುವ ಓದುಗರು ಅಲ್ಲಿಗೆ ಹೋಗಬೇಕಾದರೆ ಇಡೀ ಊರನ್ನೇ ದಾಟಬೇಕು. ಈ ಕಥೆ ನಡೆದ ಕಾಲದಲ್ಲಿ ಅಂಜನಾಪುರ ಬೆಂಗಳೂರು ದಕ್ಷಿಣ ತಾಲ್ಲೂಕಿನ ಒಂದು ಹಳ್ಳಿ. ಅಂದಿನ ಬೆಂಗಳೂರು ಜಿಲ್ಲೆ ಬಹಳ ದೊಡ್ಡದು. ಅದು ನಗರ ಜಿಲ್ಲೆ, ಗ್ರಾಮಾಂತರ ಜಿಲ್ಲೆ ಎಂದು ಒಡೆದದ್ದು 1986ರಲ್ಲಿ. ಮುಂದೆ ಬರುವ 'ಬೆಂಗಳೂರು ಜಿಲ್ಲೆಯ ಹಳ್ಳಿಗಳು' ಎಂಬ ಮಾತನ್ನು ಓದುವಾಗ ಇದು ನೆನಪಿರಲಿ.

ಹಾಸಿಗೆಯಿಂದ ಮನೆಗೆ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ಷಯಕ್ಕೆ ಔಷಧಿ ಇಲ್ಲದಿದ್ದ ಕಾಲದಲ್ಲಿ ಅದಕ್ಕೆ ಇದ್ದ ಉಪಚಾರವೆಂದರೆ ಒಳ್ಳೆಯ ಗಾಳಿ, ಒಳ್ಳೆಯ ಆಹಾರ ಮತ್ತು ವಿಶ್ರಾಂತಿ. ಇವು ಮೂರೂ ಸಿಗುವ ಜಾಗ ಸ್ಯಾನಟೋರಿಯಮ್. ರೋಗ ಅರಮನೆಯನ್ನೂ ಬಿಡುತ್ತಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಮೈಸೂರಿನ ಪಿ.ಕೆ.ಟಿ.ಬಿ. ಸ್ಯಾನಟೋರಿಯಮ್ ಅವರ ಹೆಸರನ್ನು ಹೊತ್ತಿದೆ. ಬೆಂಗಳೂರಿನಲ್ಲಿ, ಈಗಿನ ನಿಮ್ಹಾನ್ಸ್ ಪಕ್ಕದಲ್ಲಿ, ಎಸ್.ಡಿ.ಎಸ್. ಕ್ಷಯರೋಗ ಆಸ್ಪತ್ರೆ ಇತ್ತು. ಇಂದು ಅದು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ. ಇಂಥ ಕಡೆ ಹಾಸಿಗೆ ಸಿಕ್ಕಿದವರು ಪುಣ್ಯವಂತರು. ಉಳಿದವರು ಮನೆಯ ಮೂಲೆಯಲ್ಲಿ, ಬೇರೆ ತಟ್ಟೆ ಬೇರೆ ಲೋಟ ಇಟ್ಟುಕೊಂಡು, ಕೆಮ್ಮುತ್ತ ದಿನ ಎಣಿಸಬೇಕಾಗಿತ್ತು.

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಪಿ.ಎ.ಎಸ್., 1952ರಲ್ಲಿ ಐಸೋನಿಯಾಜಿಡ್ ಬಳಕೆಗೆ ಬಂದವು. ರೋಗವನ್ನು ಔಷಧಿಯಿಂದಲೇ ಗುಣಪಡಿಸಬಹುದಾದರೆ ಹಾಸಿಗೆ ಏಕೆ ಬೇಕು? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮದ್ರಾಸಿನ ಕ್ಷಯ ರಾಸಾಯನಿಕ ಚಿಕಿತ್ಸಾ ಕೇಂದ್ರ. ಅಲ್ಲಿ ವ್ಯಾಲೇಸ್ ಫಾಕ್ಸ್ ಮತ್ತು ಅವರ ಸಂಗಡಿಗರು ನಗರದ ಬಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಟೋರಿಯಮ್‌ನಲ್ಲಿ, ಇನ್ನೊಂದಕ್ಕೆ ಮನೆಯಲ್ಲಿ, ಅದೇ ಔಷಧಿಯನ್ನು ಒಂದು ವರ್ಷ ಕೊಟ್ಟರು. 1959ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರಿಗೆ ನಂಬಲಾಗಲಿಲ್ಲ. ಕಿಷ್ಕಿಂಧೆಯಂಥ ಮನೆಯಲ್ಲಿ, ಅರೆಹೊಟ್ಟೆಯಲ್ಲಿದ್ದ ರೋಗಿಗಳೂ ಸ್ಯಾನಟೋರಿಯಮ್ ರೋಗಿಗಳಷ್ಟೇ ಚೆನ್ನಾಗಿ ಗುಣವಾಗಿದ್ದರು. ಅವರ ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಿರಲಿಲ್ಲ.

ಇನ್ನೊಂದು ಸುದ್ದಿ ಅದಕ್ಕೂ ಸ್ವಲ್ಪ ಮೊದಲೇ ಬಂದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1955ರಿಂದ 1958ರವರೆಗೆ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಕ್ಷಯವು ಪಟ್ಟಣದ ರೋಗವೆಂಬ ನಂಬಿಕೆ ಬಿದ್ದುಹೋಯಿತು. ಗಿರಣಿಗಳ ಹೊಗೆ, ಇಕ್ಕಟ್ಟಾದ ಓಣಿ ಇವುಗಳಿಂದಲೇ ಕ್ಷಯ ಹರಡುತ್ತದೆ, ಹಳ್ಳಿಯ ಗಾಳಿ ಶುದ್ಧ ಎಂದು ಎಲ್ಲರೂ ತಿಳಿದಿದ್ದರು. ಸಮೀಕ್ಷೆ ಹೇಳಿದ್ದೇ ಬೇರೆ. ಹಳ್ಳಿಯಲ್ಲೂ ಪಟ್ಟಣದಲ್ಲೂ ಕ್ಷಯದ ಪ್ರಮಾಣ ಹೆಚ್ಚೂಕಡಿಮೆ ಒಂದೇ. ಜನಸಂಖ್ಯೆಯ ಬಹುಪಾಲು ಹಳ್ಳಿಗಳಲ್ಲಿದ್ದುದರಿಂದ ರೋಗಿಗಳ ಬಹುಪಾಲೂ ಅಲ್ಲೇ ಇದ್ದರು. ಆಸ್ಪತ್ರೆಗಳೂ ವೈದ್ಯರೂ ಇದ್ದದ್ದು ಮಾತ್ರ ಪಟ್ಟಣಗಳಲ್ಲಿ.

ಹೀಗೆ ಔಷಧಿ ಇದೆ, ಅದು ಮನೆಯಲ್ಲೇ ಕೆಲಸ ಮಾಡುತ್ತದೆ, ರೋಗಿಗಳು ಹಳ್ಳಿಗಳಲ್ಲಿ ಚದುರಿ ಹೋಗಿದ್ದಾರೆ. ಇವೆರಡನ್ನೂ ಒಂದುಗೂಡಿಸುವ ಬಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿಯಲೆಂದೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ನೆರವಿನಿಂದ ಭಾರತ ಸರ್ಕಾರ 1959ರಲ್ಲಿ ಬೆಂಗಳೂರಿನಲ್ಲಿ ಈ ಸಂಸ್ಥೆಯನ್ನು ಆರಂಭಿಸಿತು. ಪ್ರಧಾನಿ ಜವಾಹರಲಾಲ್ ನೆಹರೂ ಅವರೇ ಬಂದು ಉದ್ಘಾಟಿಸಿದರು. ಆ ಸಮಾರಂಭದ ಚಿತ್ರ ಅಂದಿನ ಪತ್ರಿಕೆಗಳಿಗೆ ಒಳ್ಳೆಯ ಸುದ್ದಿ. ನಮಗೆ ಇಲ್ಲಿ ಬೇಕಾದದ್ದು ಸಮಾರಂಭ ಮುಗಿದ ಮೇಲಿನ ಕೆಲಸ.

ಕೇಳಿದರೆ ಹೇಳುತ್ತಾರೆ

ಸಂಸ್ಥೆಯ ವಿಶೇಷವೆಂದರೆ ಅದರ ಮೇಜಿನ ಸುತ್ತ ಕುಳಿತವರು. ಎದೆರೋಗ ತಜ್ಞರ ಜೊತೆಗೆ ಸಾಂಕ್ರಾಮಿಕ ರೋಗವಿಜ್ಞಾನಿ, ಸಂಖ್ಯಾಶಾಸ್ತ್ರಜ್ಞ, ಜೀವಾಣು ವಿಜ್ಞಾನಿ, ದಾದಿ, ಎಕ್ಸ್-ಕಿರಣ ಎಂಜಿನಿಯರ್, ಅವರೊಂದಿಗೆ ಸಮಾಜಶಾಸ್ತ್ರಜ್ಞ! ವೈದ್ಯಕೀಯ ಸಂಸ್ಥೆಯಲ್ಲಿ ಸಮಾಜಶಾಸ್ತ್ರಜ್ಞನಿಗೆ ಏನು ಕೆಲಸ ಎಂದು ಆಗ ಕೇಳಿದವರು ಇದ್ದಿರಬೇಕು. ಡೆನ್ಮಾರ್ಕಿನ ವೈದ್ಯ ಹಾಲ್ಫ್‌ಡಾನ್ ಮಾಹ್ಲರ್ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ 1951ರಿಂದ ಸುಮಾರು ಹತ್ತು ವರ್ಷ ಭಾರತದ ಕ್ಷಯ ಕಾರ್ಯಕ್ರಮದಲ್ಲಿ ದುಡಿದವರು. ಸಂಸ್ಥೆಯ ಆರಂಭದ ದಿನಗಳಲ್ಲಿ ಅವರೂ ಇದ್ದರು. ಇದೇ ಮಾಹ್ಲರ್ ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಅಲ್ಮಾ-ಅಟಾ ಸಮ್ಮೇಳನದಲ್ಲಿ 'ಎಲ್ಲರಿಗೂ ಪ್ರಾಥಮಿಕ ಆರೋಗ್ಯ' ಎಂಬ ಘೋಷಣೆಯ ಹಿಂದೆ ನಿಂತವರು ಅವರೇ. ಆ ವಿಚಾರದ ಬೇರುಗಳಲ್ಲಿ ಒಂದು ನಮ್ಮ ಬಯಲುಸೀಮೆಯ ಮಣ್ಣಿನಲ್ಲಿ ಇದೆಯೆಂದರೆ ಅದು ಉತ್ಪ್ರೇಕ್ಷೆಯಲ್ಲ.

ಮೊದಲ ದೊಡ್ಡ ಕೆಲಸ 1960-61ರಲ್ಲಿ ತುಮಕೂರು ಜಿಲ್ಲೆಯ ಸಮೀಕ್ಷೆ. ರಾಜ್ ನರೈನ್ ಮತ್ತು ಸಂಗಡಿಗರು ಅದನ್ನು ವರದಿ ಮಾಡಿದರು. ಇಂಥ ಸಮೀಕ್ಷೆ ಹೇಗೆ ನಡೆಯುತ್ತದೆ ಎಂದು ನೀವು ಊಹಿಸಿಕೊಳ್ಳಿ. ಮೊದಲು ಮನೆಮನೆಗೆ ಹೋಗಿ ಪ್ರತಿಯೊಬ್ಬರ ಹೆಸರು, ವಯಸ್ಸು ಬರೆದುಕೊಳ್ಳಬೇಕು. ಬಳಿಕ ಮುಂಗೈ ಚರ್ಮದೊಳಗೆ ಟ್ಯೂಬರ್ಕುಲಿನ್ ಚುಚ್ಚಬೇಕು. ಮೂರು ದಿನ ಬಿಟ್ಟು ಅದೇ ಮನುಷ್ಯನನ್ನು ಹುಡುಕಿ, ಚುಚ್ಚಿದ ಜಾಗದಲ್ಲಿ ಗಟ್ಟಿಯಾದ ಊತ ಎಷ್ಟು ಮಿಲಿಮೀಟರ್ ಇದೆಯೆಂದು ಅಳೆಯಬೇಕು. ಆ ಮೂರನೆಯ ದಿನ ಅವನು ಸಂತೆಗೆ ಹೋಗಿದ್ದರೆ? ಮಗಳನ್ನು ನೋಡಲು ಪಕ್ಕದ ಊರಿಗೆ ಹೋಗಿದ್ದರೆ? ಮತ್ತೆ ಹೋಗಬೇಕು. ಊರ ಮುಂದೆ ಎಕ್ಸ್-ಕಿರಣದ ವಾಹನ ನಿಲ್ಲಿಸಿ ಎದೆಯ ಸಣ್ಣ ಚಿತ್ರ ತೆಗೆಯಬೇಕು. ಚಿತ್ರದಲ್ಲಿ ದೋಷ ಕಂಡವರಿಂದ ಕಫ ಪಡೆದು ಪ್ರಯೋಗಶಾಲೆಗೆ ತರಬೇಕು.

ಚಿತ್ರ ಓದುವುದೂ ಸುಲಭವಲ್ಲ. ಒಂದೇ ಎಕ್ಸ್-ಕಿರಣ ಚಿತ್ರವನ್ನು ಇಬ್ಬರು ತಜ್ಞರಿಗೆ ಕೊಟ್ಟರೆ ಒಬ್ಬರು ಕ್ಷಯ ಎನ್ನಬಹುದು, ಇನ್ನೊಬ್ಬರು ಅಲ್ಲ ಎನ್ನಬಹುದು. ಅಷ್ಟೇಕೆ, ಅದೇ ತಜ್ಞರು ತಿಂಗಳು ಬಿಟ್ಟು ಅದೇ ಚಿತ್ರವನ್ನು ನೋಡಿ ಬೇರೆ ಮಾತು ಹೇಳಬಹುದು! ಸಾಮೂಹಿಕ ಎಕ್ಸ್-ಕಿರಣ ಚಿತ್ರಣದ ಈ ಮಿತಿಯನ್ನು ಸಂಸ್ಥೆಯವರು 1962ರಲ್ಲೇ ಲೇಖನವಾಗಿ ಬರೆದರು. ಕಫದಲ್ಲಿ ಕಾಣುವ ದಂಡಾಣು ಮಾತ್ರ ಹಾಗೆ ಮಾತು ಬದಲಿಸುವುದಿಲ್ಲ.

ಈ ತುಮಕೂರು ಸಮೀಕ್ಷೆಯ ಬೆನ್ನಿಗೇ ನಡೆದದ್ದು ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ಅಧ್ಯಯನ. ಬ್ಯಾನರ್ಜಿ ವೈದ್ಯರಾಗಿದ್ದು ಸಮಾಜವಿಜ್ಞಾನದ ಕಡೆಗೆ ಬಂದವರು. ಮುಂದೆ ಅವರು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಶಾಸ್ತ್ರವನ್ನು ಕಟ್ಟಿ ಬೆಳೆಸಿದರು. ಆ ಕಾಲದಲ್ಲಿ ತಜ್ಞರ ನಡುವೆ ಪ್ರಚಲಿತವಾಗಿದ್ದ ಅಭಿಪ್ರಾಯ ಇದು: ಹಳ್ಳಿಗರು ಅಜ್ಞಾನಿಗಳು, ಕ್ಷಯ ಬಂದರೂ ಅವರಿಗೆ ತಿಳಿಯುವುದಿಲ್ಲ, ತಿಳಿದರೂ ಮಂತ್ರವಾದಿಯ ಬಳಿ ಹೋಗುತ್ತಾರೆಯೇ ಹೊರತು ಆಸ್ಪತ್ರೆಗೆ ಬರುವುದಿಲ್ಲ. ಆದ್ದರಿಂದ ಎಕ್ಸ್-ಕಿರಣದ ವಾಹನಗಳನ್ನು ಊರೂರಿಗೆ ಕಳಿಸಿ ರೋಗಿಗಳನ್ನು ಬೆನ್ನಟ್ಟಿ ಹಿಡಿಯಬೇಕು. ಶ್ರೀಮಂತ ದೇಶಗಳು ಆಗ ಹಾಗೆಯೇ ಮಾಡುತ್ತಿದ್ದವು. ಲಕ್ಷಾಂತರ ಹಳ್ಳಿಗಳಿರುವ ಭಾರತ ಅಷ್ಟು ವಾಹನಗಳನ್ನು ಎಲ್ಲಿಂದ ತರಬೇಕು?

ಬ್ಯಾನರ್ಜಿ ಮತ್ತು ಆಂಡರ್ಸನ್ ಆ ಅಭಿಪ್ರಾಯವನ್ನು ನಂಬಲೂ ಇಲ್ಲ, ತಳ್ಳಿಹಾಕಲೂ ಇಲ್ಲ, ಪರೀಕ್ಷಿಸಿದರು. ಸಮೀಕ್ಷೆಯಲ್ಲಿ ಎದೆಯ ಚಿತ್ರದಲ್ಲಿ ದೋಷ ಕಂಡವರನ್ನು, ಅವರಿಗೆ ಜೋಡಿಯಾಗಿ ಅದೇ ಊರಿನ, ಅದೇ ವಯಸ್ಸಿನ, ಅದೇ ಲಿಂಗದ, ಚಿತ್ರದಲ್ಲಿ ದೋಷವಿಲ್ಲದ ಇನ್ನೊಬ್ಬರನ್ನು ಆರಿಸಿಕೊಂಡರು. ಸಂದರ್ಶಕರು ಇಬ್ಬರ ಮನೆಗೂ ಹೋಗಿ ಮಾತನಾಡಿಸಿದರು. ಮೈಗೆ ಹೇಗಿದೆ, ಏನು ತೊಂದರೆ, ಎಷ್ಟು ದಿನದಿಂದ, ಅದಕ್ಕೆ ಏನು ಮಾಡಿದಿರಿ?

ಬಂದ ಉತ್ತರಗಳು ತಜ್ಞರ ಅಭಿಪ್ರಾಯವನ್ನು ತಲೆಕೆಳಗು ಮಾಡಿದವು. ಕಫದಲ್ಲಿ ದಂಡಾಣು ಇದ್ದವರಲ್ಲಿ ಹೆಚ್ಚೂಕಡಿಮೆ ಎಲ್ಲರಿಗೂ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಮುಕ್ಕಾಲು ಪಾಲಿನಷ್ಟು ಮಂದಿ ಅದರ ಬಗ್ಗೆ ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಒಂದು ಆಧುನಿಕ ಆಸ್ಪತ್ರೆಗೋ ದವಾಖಾನೆಗೋ ಹೋಗಿ ಬಂದಿದ್ದರು. ಹೌದು, ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧಿ. ಅದನ್ನು ಕುಡಿದು ಮುಗಿಸಿ, ಕೆಮ್ಮು ನಿಲ್ಲದೆ, ಮನೆಯಲ್ಲಿ ಕುಳಿತಿದ್ದರು.

ಇದರ ಅರ್ಥವೇನೆಂದು ಒಮ್ಮೆ ಯೋಚಿಸಿ. ರೋಗಿ ತನ್ನ ಕೆಲಸ ಮಾಡಿದ್ದ. ದಿನಗೂಲಿ ಬಿಟ್ಟು, ಗಾಡಿ ಕಟ್ಟಿಕೊಂಡೋ ನಡೆದೋ ಹೋಗಿ, ವೈದ್ಯರ ಮುಂದೆ ಕೆಮ್ಮಿ ತೋರಿಸಿದ್ದ. ಅವನ ಕಫವನ್ನು ಒಂದು ಗಾಜಿನ ಪಟ್ಟಿಯ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವವರು ಅಲ್ಲಿ ಇರಲಿಲ್ಲ, ಅಷ್ಟೆ. ಬೆನ್ನಟ್ಟಿ ಹಿಡಿಯಬೇಕಾದದ್ದು ರೋಗಿಯನ್ನಲ್ಲ. ಸುಧಾರಿಸಬೇಕಾದದ್ದು ಅವನು ಈಗಾಗಲೇ ಬಂದು ನಿಂತಿರುವ ದವಾಖಾನೆಯನ್ನು. 'ಜನರಿಗೆ ತಿಳಿವಳಿಕೆ ಇಲ್ಲ' ಎಂಬುದು ಆರೋಗ್ಯ ಇಲಾಖೆಗಳಿಗೆ ಬಹಳ ಅನುಕೂಲವಾದ ಮಾತು. ಆ ಮಾತಿಗೆ ಸಂಖ್ಯೆಗಳಿಂದ ಉತ್ತರ ಕೊಟ್ಟ ಈ ಲೇಖನವನ್ನು ವೈದ್ಯಕೀಯ ಕಾಲೇಜುಗಳಲ್ಲಿ ಇಂದಿಗೂ ಮೊದಲ ವರ್ಷದಲ್ಲೇ ಓದಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ವರದಿ ಅಚ್ಚಾಗುವುದಕ್ಕೆ ಮುಂಚೆಯೇ, 1962ರಲ್ಲಿ, ಇಂಥ ಸಂಶೋಧನೆಗಳ ಆಧಾರದ ಮೇಲೆ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು. ಜಿಲ್ಲೆಗೊಂದು ಕ್ಷಯ ಕೇಂದ್ರ. ಅದರ ಕೆಳಗೆ ಬೇರೆ ಆಸ್ಪತ್ರೆ ಕಟ್ಟುವುದಿಲ್ಲ. ಇರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಕೆಮ್ಮಿನಿಂದ ಬಂದವರ ಕಫ ಪರೀಕ್ಷೆ, ಅಲ್ಲೇ ಔಷಧಿ. 1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಸಮಿತಿ ಇದೇ ದಾರಿಯನ್ನು ಇತರ ದೇಶಗಳಿಗೂ ಸೂಚಿಸಿತು. ಜಿಲ್ಲಾ ಕ್ಷಯ ಅಧಿಕಾರಿ, ಚಿಕಿತ್ಸಾ ಸಂಘಟಕ, ಪ್ರಯೋಗಶಾಲಾ ತಂತ್ರಜ್ಞ, ಎಕ್ಸ್-ಕಿರಣ ತಂತ್ರಜ್ಞ, ಬಿಸಿಜಿ ತಂಡದ ನಾಯಕ, ಸಂಖ್ಯಾ ಸಹಾಯಕ ಇವರೆಲ್ಲ ಒಂದು ತಂಡವಾಗಿ ದೇಶದ ಮೂಲೆಮೂಲೆಗಳಿಂದ ತರಬೇತಿಗೆ ಬೆಂಗಳೂರಿಗೆ ಬರತೊಡಗಿದರು. ಬಳ್ಳಾರಿ ರಸ್ತೆಯ ಆ ಆವರಣದಲ್ಲಿ ನಡೆಯುತ್ತಿದ್ದ 'ಕಾರ್ಯಕ್ರಮ'ಗಳೆಂದರೆ ಮುಖ್ಯವಾಗಿ ಇವೇ.

ಕಫ ಪರೀಕ್ಷೆ ಎಂದರೇನು ಎಂಬುದನ್ನೂ ಇಲ್ಲಿ ಹೇಳಿಬಿಡಬಹುದು. ಕ್ಷಯದ ದಂಡಾಣುವಿನ ಹೊದಿಕೆಯಲ್ಲಿ ಮೇಣದಂಥ ಕೊಬ್ಬು ಇದೆ. ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣವನ್ನು ಬಿಸಿಮಾಡಿ ಹಚ್ಚಿದರೆ ಬಣ್ಣ ಆ ಮೇಣದೊಳಗೆ ಇಳಿಯುತ್ತದೆ. ಆಮೇಲೆ ಆಮ್ಲ ಸುರಿದರೂ ಬಿಡುವುದಿಲ್ಲ. ಬೇರೆ ಜೀವಾಣುಗಳೆಲ್ಲ ಬಣ್ಣ ಕಳೆದುಕೊಳ್ಳುತ್ತವೆ. ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು ಕಂಡರೆ ರೋಗ ಖಚಿತವೆಂದೇ ತಿಳಿಯಬಹುದು. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರದಷ್ಟು ದಂಡಾಣುಗಳಾದರೂ ಇದ್ದರೆ ಮಾತ್ರ ಅವು ಕಣ್ಣಿಗೆ ಬೀಳುತ್ತವೆ. ಇದು ಪರೀಕ್ಷೆಯ ದೌರ್ಬಲ್ಯ ನಿಜ. ಆದರೆ ಅಷ್ಟು ದಂಡಾಣುಗಳನ್ನು ಕೆಮ್ಮುವವನೇ ಇತರರಿಗೆ ಹೆಚ್ಚಾಗಿ ರೋಗ ಹರಡುವವನು. ಅವನನ್ನು ಮೊದಲು ಗುರುತಿಸಲು ಒಂದು ಸೂಕ್ಷ್ಮದರ್ಶಕ, ಒಂದು ಸ್ಪಿರಿಟ್ ದೀಪ, ಮೂರು ಸೀಸೆ ದ್ರಾವಣ ಸಾಕು.

ನೂರ ಇಪ್ಪತ್ತಾರು ಮಂದಿ

ಇನ್ನೊಂದು ಅಧ್ಯಯನದ ವಿಷಯಕ್ಕೆ ಬರೋಣ. ಇದು ಓದಲು ಅಷ್ಟು ಹಿತವಾದದ್ದಲ್ಲ.

1961ರಲ್ಲಿ ಸಂಸ್ಥೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳಿಂದ 119 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಂಡಿತು. ಆ ಹಳ್ಳಿಗಳ ಜನರನ್ನೆಲ್ಲ ಮೊದಲೊಮ್ಮೆ, ಬಳಿಕ ಒಂದೂವರೆ ವರ್ಷಕ್ಕೆ, ಮೂರು ವರ್ಷಕ್ಕೆ ಮತ್ತು ಐದು ವರ್ಷಕ್ಕೆ, ಹೀಗೆ ನಾಲ್ಕು ಸಲ ಪರೀಕ್ಷಿಸಿತು. ಕೆಲಸ ಮುಗಿದದ್ದು 1968ರಲ್ಲಿ. 1974ರಲ್ಲಿ ವರದಿ ಹೊರಬಂದಾಗ ಅದರ ಲೇಖಕರ ಜಾಗದಲ್ಲಿ ಯಾವ ವ್ಯಕ್ತಿಯ ಹೆಸರೂ ಇರಲಿಲ್ಲ. 'ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಬೆಂಗಳೂರು' ಎಂದಷ್ಟೇ ಇತ್ತು. ಲೇಖಕರ ಪಟ್ಟಿಯಲ್ಲಿ ಹೆಸರು ಸೇರಿಸಲು ಜಗಳಗಳಾಗುವ ಈ ಕಾಲದಲ್ಲಿ ಇದು ಸೋಜಿಗವೇ ಸರಿ.

ಅಧ್ಯಯನದಿಂದ ಒಂದು ಸರಳ ಲೆಕ್ಕ ಸಿಕ್ಕಿತು. ಯಾವುದೇ ಒಂದು ಸಮಯದಲ್ಲಿ ಲಕ್ಷ ಜನರಲ್ಲಿ 337ರಿಂದ 406 ಮಂದಿ ಕಫದಲ್ಲಿ ದಂಡಾಣು ಇರುವ ರೋಗಿಗಳು. ವರ್ಷಕ್ಕೆ ಹೊಸದಾಗಿ ರೋಗಿಗಳಾಗುವವರು ಲಕ್ಷಕ್ಕೆ 79ರಿಂದ 132. ಈ ಎರಡು ಸಂಖ್ಯೆಗಳನ್ನು ಭಾಗಿಸಿ ನೋಡಿ. ಒಬ್ಬ ರೋಗಿ ಸರಾಸರಿ ಮೂರು-ನಾಲ್ಕು ವರ್ಷ ರೋಗಿಯಾಗಿಯೇ, ಅಂದರೆ ರೋಗ ಹರಡುತ್ತಲೇ, ಉಳಿಯುತ್ತಿದ್ದ ಎಂದು ಅರ್ಥ. ಕೆರೆಗೆ ಬರುವ ನೀರು ಕಡಿಮೆಯಾದರೂ ತೂಬು ಕಟ್ಟಿಕೊಂಡಿದ್ದರೆ ಕೆರೆ ತುಂಬಿಯೇ ಇರುತ್ತದಲ್ಲವೆ, ಹಾಗೆ.

ಆ ಹಳ್ಳಿಗಳಲ್ಲಿ ಆಗ ಸಂಘಟಿತವಾದ ಕ್ಷಯ ನಿಯಂತ್ರಣ ಕಾರ್ಯಕ್ರಮ ಇರಲಿಲ್ಲ. ಆದುದರಿಂದ ಚಿಕಿತ್ಸೆಯ ವ್ಯವಸ್ಥೆ ಇಲ್ಲದಿದ್ದರೆ ಕ್ಷಯರೋಗಿಗೆ ಏನಾಗುತ್ತದೆ ಎಂಬುದು ಈ ಅಧ್ಯಯನದಲ್ಲಿ ದಾಖಲಾಯಿತು. ಮೊದಲ ಸಮೀಕ್ಷೆಯಲ್ಲಿ ಕಂಡುಬಂದು, ಐದು ವರ್ಷ ಗಮನಿಸಲಾದ ರೋಗಿಗಳು 126 ಮಂದಿ. ಐದು ವರ್ಷಗಳ ಕೊನೆಗೆ ಅವರಲ್ಲಿ 62 ಮಂದಿ ತೀರಿಕೊಂಡಿದ್ದರು. 41 ಮಂದಿಯ ಕಫದಲ್ಲಿ ದಂಡಾಣು ತಾನಾಗಿಯೇ ಮಾಯವಾಗಿತ್ತು. 23 ಮಂದಿ ಇನ್ನೂ ದಂಡಾಣುಗಳನ್ನು ಕೆಮ್ಮುತ್ತಿದ್ದರು. ಶೇಕಡಾ ಲೆಕ್ಕದಲ್ಲಿ 49, 33 ಮತ್ತು 18. ಕ್ಷಯದ ಸಹಜ ಗತಿಯ ಬಗ್ಗೆ ಬರೆಯುವವರು ಇಂದಿಗೂ ಉಲ್ಲೇಖಿಸುವ ಸಂಖ್ಯೆಗಳು ಇವು.

ಈ ಸಂಖ್ಯೆಗಳೊಳಗೆ ಒಂದು ಎಚ್ಚರಿಕೆ ಅಡಗಿದೆ. ಕೆಟ್ಟದಾಗಿ ನಡೆಸಿದ ಚಿಕಿತ್ಸೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕಿ. ಔಷಧಿ ಎರಡು ತಿಂಗಳು ಕೊಟ್ಟು ಮೂರನೆಯ ತಿಂಗಳು 'ದಾಸ್ತಾನು ಇಲ್ಲ' ಎಂದರೆ ರೋಗಿ ಸಾಯುವುದಿಲ್ಲ, ಗುಣವಾಗುವುದೂ ಇಲ್ಲ. ಸಾಯುವವರ ಸಂಖ್ಯೆ 62ರಿಂದ ಇಳಿಯುತ್ತದೆ, ಆದರೆ ಅವರಲ್ಲಿ ಹಲವರು ಗುಣವಾದ 41ರ ಸಾಲಿಗೆ ಹೋಗದೆ ಕೆಮ್ಮುತ್ತಲೇ ಇರುವ 23ರ ಸಾಲಿಗೆ ಸೇರುತ್ತಾರೆ. ಅವರ ದಂಡಾಣುಗಳು ಔಷಧಿಯನ್ನು ಎದುರಿಸುವ ಶಕ್ತಿಯನ್ನೂ ಪಡೆಯುತ್ತವೆ. ಅರೆಬರೆ ಕಾರ್ಯಕ್ರಮ ಒಬ್ಬ ರೋಗಿಗೆ ಉಪಕಾರವೆನಿಸಿದರೂ ಊರಿಗೆ ಅಪಕಾರವಾಗಬಹುದು.

ಇಲ್ಲಿ ನಿಮಗೆ ಒಂದು ಪ್ರಶ್ನೆ ಬಂದೇ ಇರುತ್ತದೆ. ಐಸೋನಿಯಾಜಿಡ್ ಬಂದು ಒಂಬತ್ತು ವರ್ಷವಾದ ಮೇಲೆ ಆರಂಭವಾದ ಅಧ್ಯಯನದಲ್ಲಿ 62 ಮಂದಿ ಸಾಯುವುದನ್ನು ಎಣಿಸಬಹುದೆ? ಇಂದಿನ ಯಾವ ನೈತಿಕ ಸಮಿತಿಯೂ ಇಂಥ ಅಧ್ಯಯನಕ್ಕೆ ಒಪ್ಪಿಗೆ ಕೊಡುವುದಿಲ್ಲ. ಮಾನವ ಸಂಶೋಧನೆಯ ನೀತಿಗೆ ಸಂಬಂಧಿಸಿದ ಹೆಲ್ಸಿಂಕಿ ಘೋಷಣೆ ಬಂದದ್ದು 1964ರಲ್ಲಿ; ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ನೀತಿ ಹೇಳಿಕೆಯನ್ನು ಹೊರಡಿಸಿದ್ದು 1980ರಲ್ಲಿ, ವಿವರವಾದ ಮಾರ್ಗಸೂಚಿಯನ್ನು 2000ದಲ್ಲಿ. ಆ ಹಳ್ಳಿಗಳಲ್ಲಿ ಸಂಸ್ಥೆಯವರು ಇರಲಿ ಇಲ್ಲದಿರಲಿ, ಔಷಧಿಯ ವ್ಯವಸ್ಥೆ ಹೇಗೂ ಇರಲಿಲ್ಲ. ದೇಶದ ಸಾವಿರಾರು ಹಳ್ಳಿಗಳಲ್ಲಿ ಯಾರೂ ಎಣಿಸದೆಯೇ ಜನ ಸಾಯುತ್ತಿದ್ದರು ಎಂಬ ಸಮಾಧಾನ ಹೇಳಬಹುದು. ಎಣಿಸುವವನು ಹೆಸರು, ಮನೆ, ವಯಸ್ಸು ಎಲ್ಲ ಬರೆದುಕೊಂಡು ಮೂರು ಸಲ ಮರಳಿ ಹೋದವನು ಎಂಬುದನ್ನು ನೆನೆದರೆ ಆ ಸಮಾಧಾನ ಸಾಲದು ಎನಿಸುತ್ತದೆ. ಇಂದು ಕ್ಷಯದ ಗಣಿತ ಮಾದರಿಗಳನ್ನು ರಚಿಸುವ ಲಂಡನ್ನಿನ, ಜಿನೀವಾದ ವಿದ್ವಾಂಸರು ಆ 126 ಮಂದಿಗೆ ಋಣಿಗಳು. ನಾವೂ ಋಣಿಗಳೇ.

ಮುಂದಿನ ಸುದ್ದಿ

ಸಂಶೋಧನೆ ಎಷ್ಟೇ ಒಳ್ಳೆಯದಿದ್ದರೂ ಅದನ್ನು ನಡೆಸಿಕೊಡುವವರು ಬೇರೆ. 1992ರಲ್ಲಿ ಭಾರತ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸ್ವೀಡನ್ನಿನ ನೆರವು ಸಂಸ್ಥೆ ಸೇರಿ ಮೂವತ್ತು ವರ್ಷಗಳ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಕಂಡದ್ದು ಬೇಸರದ ಚಿತ್ರ. ಹಣ ಸಾಲದು, ಔಷಧಿಯ ಸರಬರಾಜು ಕ್ರಮವಿಲ್ಲ, ಕಫ ಪರೀಕ್ಷೆಯ ಬದಲು ಮತ್ತೆ ಎಕ್ಸ್-ಕಿರಣದ ಮೇಲೆಯೇ ಅವಲಂಬನೆ, ಚಿಕಿತ್ಸೆ ಪೂರ್ಣಗೊಳಿಸಿದವರು ಅರ್ಧಕ್ಕಿಂತ ಕಡಿಮೆ. 1960ರ ದಶಕದಲ್ಲೇ ಬೆಂಗಳೂರು ಕೊಟ್ಟಿದ್ದ ಎಚ್ಚರಿಕೆ ನಿಜವಾಗಿತ್ತು. 1993ರಲ್ಲಿ ಪರಿಷ್ಕೃತ ಕಾರ್ಯಕ್ರಮದ ಪ್ರಯೋಗ ಆರಂಭವಾಗಿ, 1997ರಿಂದ ವಿಸ್ತರಿಸಿ, 2006ರ ಹೊತ್ತಿಗೆ ಇಡೀ ದೇಶವನ್ನು ಒಳಗೊಂಡಿತು. 2020ರಲ್ಲಿ ಅದಕ್ಕೆ ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮ ಎಂಬ ಹೆಸರಾಯಿತು.

ಅರೆಚಿಕಿತ್ಸೆಯ ಫಲವೇನೆಂದು ಅಳೆಯುವ ಕೆಲಸವೂ ಬೆಂಗಳೂರಿನ ಸಂಸ್ಥೆಯ ಪ್ರಯೋಗಶಾಲೆಗೇ ಬಂದಿತು. 2014ರಿಂದ 2016ರವರೆಗೆ ನಡೆದ ಮೊದಲ ರಾಷ್ಟ್ರೀಯ ಔಷಧಿ ಪ್ರತಿರೋಧ ಸಮೀಕ್ಷೆಯಲ್ಲಿ ದೇಶದ ನಾನಾ ಕಡೆಯ ರೋಗಿಗಳ ಕಫ ಇಲ್ಲಿಗೆ ಬಂದಿತು. ದಂಡಾಣುಗಳನ್ನು ಬೆಳೆಸಿ 13 ಔಷಧಿಗಳ ವಿರುದ್ಧ ಪರೀಕ್ಷಿಸಿದರು. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯ ಹೊಸ ರೋಗಿಗಳಲ್ಲಿ ಶೇಕಡಾ 2.84, ಹಿಂದೆ ಒಮ್ಮೆ ಚಿಕಿತ್ಸೆ ಪಡೆದಿದ್ದವರಲ್ಲಿ ಶೇಕಡಾ 11.62. ನಾಲ್ಕು ಪಟ್ಟು! ಈ ನಡುವೆ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿ ರೂಪುಗೊಂಡ 'ಟ್ರೂನ್ಯಾಟ್' ಎಂಬ ಪುಟ್ಟ ಯಂತ್ರ ದಂಡಾಣುವಿನ ಡಿಎನ್‌ಎಯನ್ನೂ ರಿಫಾಂಪಿಸಿನ್ ಪ್ರತಿರೋಧವನ್ನೂ ಕೆಲವೇ ಗಂಟೆಗಳಲ್ಲಿ ಪತ್ತೆ ಮಾಡುವಂತಾಯಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮನ್ನಣೆ ನೀಡಿತು. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ರೋಗಿಯ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಯಿತು.

ತುಮಕೂರಿನಲ್ಲಿ ಕೇಳಿದ್ದ ಪ್ರಶ್ನೆಯನ್ನು ಇಡೀ ದೇಶದಲ್ಲಿ ಮತ್ತೊಮ್ಮೆ ಕೇಳಿದ್ದು 2019-21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ. ಹದಿನೈದು ವರ್ಷ ಮೀರಿದವರಲ್ಲಿ ಶ್ವಾಸಕೋಶದ ಕ್ಷಯ ಲಕ್ಷಕ್ಕೆ 316 ಎಂದು ಅಂದಾಜಾಯಿತು. ಕ್ಷಯದ ಲಕ್ಷಣಗಳಿದ್ದವರಲ್ಲಿ ಶೇಕಡಾ 64ರಷ್ಟು ಮಂದಿ ಯಾವ ಆರೋಗ್ಯ ಕೇಂದ್ರಕ್ಕೂ ಹೋಗಿರಲಿಲ್ಲ. ಇದನ್ನು 1963ರ ಸಂಖ್ಯೆಯ ಪಕ್ಕದಲ್ಲಿ ನೇರವಾಗಿ ಇಡಲಾಗದು. ಅಂದು ಲೆಕ್ಕಕ್ಕೆ ತೆಗೆದುಕೊಂಡದ್ದು ಕಫದಲ್ಲಿ ದಂಡಾಣು ಇದ್ದವರನ್ನು, ಇಂದು ಲಕ್ಷಣ ಇದ್ದವರೆಲ್ಲರನ್ನು. ಆದರೂ ಅಂದಿನ ಹಾಗೆಯೇ ಇಂದೂ ಕಾರಣ ಕೇಳಿದರು, ಜನ ಹೇಳಿದರು. ಹೋಗದಿದ್ದವರಲ್ಲಿ ಶೇಕಡಾ 68 ಮಂದಿ ಕೆಮ್ಮನ್ನು ಅಲಕ್ಷಿಸಿದ್ದರು, 18 ಮಂದಿಗೆ ಅದು ಕ್ಷಯದ ಲಕ್ಷಣವೆಂದು ತಿಳಿದಿರಲಿಲ್ಲ, ಖರ್ಚಿಗೆ ಹೆದರಿದವರು ಕೇವಲ 2. ಉಳಿದ 12 ಮಂದಿ ತಾವೇ ಏನೋ ಒಂದು ಔಷಧಿ ತೆಗೆದುಕೊಂಡಿದ್ದರು.